ಮೂವತ್ತೊಂದು ಹೆಬ್ಬೆಟ್ಟು

ಹೋದ ತಿಂಗಳು ಚಿತ್ರದುರ್ಗದಿಂದ ಹಿರಿಯೂರಿಗೆ ಬಸ್ಸಿನಲ್ಲಿ ಹೊರಟಿದ್ದೆ. ಐಮಂಗಲ ಬರುವಾಗ ಹನಿ ಬಿತ್ತು. ಅಲ್ಲಿ ಹತ್ತಿದ ಕುರಿ ಕಾಯುವವನೊಬ್ಬ ನೆನೆದ ಕಂಬಳಿ ಹೊದ್ದುಕೊಂಡೇ ಬಂದು ನನ್ನ ಪಕ್ಕ ಕುಳಿತ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿ ಜೇಬಿನ ಕರ್ಚೀಫಿಗೆ ಹೋಯಿತು. ಐವತ್ತು ವರ್ಷದ ಹಿಂದೆ ಹಿರಿಯೂರಿನ ಬ್ಯಾಂಕಿನ ಕೌಂಟರಿನಲ್ಲಿ ಕೂತಾಗ ದಿನಕ್ಕೆ ಹತ್ತು ಸಲ ಹೀಗೆಯೇ ಕೈ ಹೋಗುತ್ತಿತ್ತು. ಆಗ ನನಗೆ ಇಪ್ಪತ್ತಾರು. ಹೊಳಲ್ಕೆರೆಯ ಮೇಷ್ಟರ ಮಗ, ದುರ್ಗದ ಕಾಲೇಜಿನ ಬಿ.ಕಾಂ., ಮೈಮೇಲೆ ಟೆರಿಲಿನ್ ಅಂಗಿ. ಜನರನ್ನು ವಾಸನೆಯಿಂದ ಅಳೆಯುವಷ್ಟು ದೊಡ್ಡ ಮನುಷ್ಯನಾಗಿಬಿಟ್ಟಿದ್ದೆ.

ಅದು ಎಪ್ಪತ್ತೈದನೇ ಇಸವಿಯ ಆಷಾಢ. ದೇಶಕ್ಕೆ ತುರ್ತು ಪರಿಸ್ಥಿತಿ ಬಂದು ಇನ್ನೂ ತಿಂಗಳಾಗಿತ್ತೋ ಇಲ್ಲವೋ. ಹಿರಿಯೂರಿಗೆ ಆ ಕಾಲದಲ್ಲಿ ಮಳೆಗಿಂತ ಗಾಳಿಯೇ ಹೆಚ್ಚು. ನಮ್ಮ ಶಾಖೆ ಇದ್ದದ್ದು ಒಂದು ಹಳೇ ಹತ್ತಿ ಗೋದಾಮಿನಲ್ಲಿ. ಕಿಟಕಿ ಮುಚ್ಚಿದರೆ ಕತ್ತಲೆ, ತೆರೆದರೆ ಲೆಡ್ಜರಿನ ತುಂಬ ಧೂಳು. ಕಾಗದಗಳು ಹಾರಿಹೋಗದಂತೆ ವೇದಾವತಿ ಹೊಳೆಯಿಂದ ಗುಂಡುಕಲ್ಲು ತರಿಸಿ ಒಂದೊಂದರ ಮೇಲೂ ಇಟ್ಟುಕೊಂಡಿದ್ದೆವು. ಎಲ್ಲರಿಗಿಂತ ಹೆಚ್ಚು ಕಲ್ಲು ಮ್ಯಾನೇಜರ ಮೇಜಿನ ಮೇಲಿದ್ದವು, ಏಕೆಂದರೆ ಅಲ್ಲಿಗೆ ಹೋದ ಕಾಗದ ಮತ್ತೆ ಹೊರಗೆ ಬರುತ್ತಿರಲಿಲ್ಲ.

ಆ ಮಹಾನುಭಾವರನ್ನು ನಾವು ಸಾಹೇಬರು ಎನ್ನುತ್ತಿದ್ದೆವು. ಅವರ ಬಳಿ ಎರಡು ಪೆನ್ನು. ನೀಲಿ ಶಾಯಿಯದು ಸಹಿ ಹಾಕಲಿಕ್ಕೆ, ಹಸಿರು ಶಾಯಿಯದು ಕಾಗದದ ಮೂಲೆಯಲ್ಲಿ ‘ಚರ್ಚಿಸಿ’ ಎಂದು ಬರೆಯಲಿಕ್ಕೆ. ಹಸಿರು ಶಾಯಿಯ ಬಾಟಲಿ ತಿಂಗಳಿಗೊಂದು ಖಾಲಿಯಾಗುತ್ತಿತ್ತು. ಚರ್ಚಿಸಲು ಹೋದವರಿಗೆ “ಈಗ ಟೈಮಿಲ್ಲರೀ” ಎನ್ನುತ್ತಿದ್ದರು. ಇಷ್ಟು ದಿನ ಹೆದರುವುದಕ್ಕೆ ಅವರೇ ಕಾರಣ ಹುಡುಕಿಕೊಳ್ಳಬೇಕಾಗಿತ್ತು. ಈಗ ಸರ್ಕಾರವೇ ಒದಗಿಸಿಕೊಟ್ಟಿದ್ದರಿಂದ ಮುಖದಲ್ಲಿ ಒಂದು ಕಳೆ ಬಂದಿತ್ತು. ಬೆಳಿಗ್ಗೆ ಬರುವಾಗಲೇ ಯಾರು ಎಷ್ಟು ನಿಮಿಷ ತಡ ಎಂದು ಬರೆದುಕೊಂಡು ಕೂರುತ್ತಿದ್ದರು.

ಒಂದು ಸೋಮವಾರ ಕೌಂಟರಿನ ಮುಂದೆ ಇಬ್ಬರು ಬಂದು ನಿಂತರು. ಒಬ್ಬಳು ಕಂಬಳಿಯನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡ ಮುದುಕಿ. ಇನ್ನೊಬ್ಬ ಉದ್ದ ಕೋಟು, ಹ್ಯಾಟು, ಪಾಲಿಶ್ ಮಾಡಿದ ಬೂಟು ಹಾಕಿದ ಮುದುಕ. ಸಂತೆಯಲ್ಲಿ ಕಳೆದುಹೋಗುವ ಮಗುವನ್ನು ಹಿಡಿಯುವ ಹಾಗೆ ಅವಳು ಅವನ ಕೋಟಿನ ತೋಳನ್ನು ಗಟ್ಟಿಯಾಗಿ ಹಿಡಿದಿದ್ದಳು. ನಾನು ಕರ್ಚೀಫು ತೆಗೆದೆ.

“ಏನಪ್ಪ, ಇಲ್ಲಿ ಪುಸ್ತಕ ಮಾಡ್ಕೊಡೋರು ಯಾರು?” ಎಂದಳು ಮುದುಕಿ.

“ಯಾರಿಗೆ?”

“ನನ್ ತಮ್ಮಂಗೆ. ಜುಂಜಪ್ಪ ಅಂತ. ಐವತ್ತು ವರ್ಸ ತಪ್ಪಿಸ್ಕಂಡಿದ್ದ. ಈಗ ಬಂದವ್ನೆ.”

ಅವಳ ಹೆಸರು ಕ್ಯಾತಮ್ಮ. ಜವನಗೊಂಡನಹಳ್ಳಿಯ ಆಚೆ ಕುರಿ ಸಾಕುವವರ ಒಂದು ಹಟ್ಟಿ, ಮೂವತ್ತೊಂದು ಮನೆ. ಜುಂಜಪ್ಪ ಹದಿನಾಲ್ಕನೇ ವಯಸ್ಸಿನಲ್ಲಿ ಉಣ್ಣೆ ವ್ಯಾಪಾರಿಯೊಬ್ಬನ ಗಾಡಿಯ ಜೊತೆ ಹೊರಟು, ಬೊಂಬಾಯಿ ಸೇರಿ, ಹಡಗಿನಲ್ಲಿ ಕಲ್ಲಿದ್ದಲು ತುಂಬುವ ಕೆಲಸಕ್ಕೆ ಸೇರಿದ್ದ. ಹಡಗು ಬಿಟ್ಟು ಹಾಲೆಂಡ್ ದೇಶದ ಒಂದು ಬಂದರಿನಲ್ಲಿ ಕೆಲಸ ಹಿಡಿದ. ಅಲ್ಲಿಯವಳನ್ನೇ ಮದುವೆಯಾಗಿ ಅಲ್ಲಿಯ ಪ್ರಜೆಯಾದ. ಮಕ್ಕಳಿಲ್ಲ, ಹೆಂಡತಿ ತೀರಿಕೊಂಡಿದ್ದಳು. ಅರವತ್ತೈದು ತುಂಬಿ ಪೆನ್ಷನ್ ಬಂದ ದಿನ ಮನೆ ಸಾಮಾನೆಲ್ಲ ಮಾರಿ ಟಿಕೆಟ್ಟು ತೆಗೆದುಕೊಂಡು ಅಕ್ಕನ ಹಟ್ಟಿಗೆ ಬಂದಿದ್ದ. ಇನ್ನು ಇಲ್ಲೇ ಇರುವುದು, ಇಲ್ಲೇ ಸಾಯುವುದು ಎಂದು ಅವನ ಲೆಕ್ಕ. ಕಾಗದದ ಪ್ರಕಾರ ಅವನು ಪರದೇಶದವನು. ಬಾಯಿ ತೆರೆದರೆ ಮಾತ್ರ ಅವನ ಅಜ್ಜನ ಕಾಲದ ಹಟ್ಟಿಯ ಮಾತು, ಇಂದಿನ ಹುಡುಗರು ಕೇಳಿ ನಗುವಂಥದ್ದು.

ಅವನು ಕೋಟಿನ ಒಳಜೇಬಿನಿಂದ ಎರಡು ಹಾಳೆ ತೆಗೆದು ನನ್ನ ಮುಂದೆ ನೀಟಾಗಿ ಹರಡಿದ. ಅವನ ದೇಶದ ಪೆನ್ಷನ್ ಕಚೇರಿಯ ಕಾಗದ. ಪೆನ್ಷನ್ನು ಇಂಡಿಯಾಕ್ಕೆ ಬರಬೇಕಾದರೆ ಅವನ ಹೆಸರಿನಲ್ಲಿ ಇಲ್ಲೊಂದು ಬ್ಯಾಂಕ್ ಖಾತೆ ಇರಬೇಕು. ಬ್ಯಾಂಕಿನವರು ಖಾತೆಯ ನಂಬರು ಬರೆದು ಸೀಲು ಒತ್ತಿ ಕಳಿಸಬೇಕು. ವರ್ಷದ ಕೊನೆಯೊಳಗೆ ಆ ಕಾಗದ ತಲುಪದಿದ್ದರೆ ಪೆನ್ಷನ್ ನಿಲ್ಲುತ್ತದೆ. ಆಮೇಲೆ ಅವನೇ ಅಲ್ಲಿಗೆ ಹೋಗಿ ಎದುರು ನಿಂತರಷ್ಟೇ ಮತ್ತೆ ಶುರು.

“ದುರ್ಗದ ಪೊಲೀಸ್ ಸಾಹೇಬ್ರು ಒಂದ್ ವರ್ಸ ಇರಾಕೆ ಕಾಗ್ದ ಕೊಟ್ಟವ್ರೆ ಸಾರ್” ಎಂದ ಜುಂಜಪ್ಪ. “ಮುಂದಿನ್ ವರ್ಸ ಆದಾಯ ತೋರ್ಸಬೇಕಂತೆ. ತೋರ್ಸದಿದ್ರೆ ಹೊಳ್ಳಿ ಹೋಗು ಅಂತಾರೆ.”

ಅಂದರೆ ಅವನು ಅಕ್ಕನ ಜೊತೆ ಉಳಿಯುತ್ತಾನೋ ಇಲ್ಲವೋ ಎಂಬುದು ಒಂದು ನಂಬರು ಮತ್ತು ಒಂದು ಸೀಲಿನ ಮೇಲೆ ನಿಂತಿತ್ತು. ಪೊಲೀಸರು ಎರಡು ಓಡಾಟದಲ್ಲಿ ಕೆಲಸ ಮುಗಿಸಿಕೊಟ್ಟಿದ್ದರು. ಪೊಲೀಸರಿಗಿಂತ ನಿಧಾನ ಎನ್ನಿಸಿಕೊಳ್ಳುವ ಯೋಗ್ಯತೆ ನಮ್ಮ ಶಾಖೆಗಿತ್ತು. ನಾನು ಅವರನ್ನು ಸಾಹೇಬರ ಕೋಣೆಗೆ ಕರೆದುಕೊಂಡು ಹೋದೆ.

ಸಾಹೇಬರು ಪಾಸ್‌ಪೋರ್ಟನ್ನು ಕೈಯಲ್ಲಿ ಹಿಡಿಯಲಿಲ್ಲ. ಪೆನ್ನಿನ ತುದಿಯಿಂದ ಹಾಳೆ ಮಗುಚಿ ನೋಡಿದರು.

“ಫಾರಿನ್ನರ್ರಾ? ಫಾರಿನ್ ದುಡ್ಡಾ? ಹೊಸ ಕಾನೂನು ಬಂದೈತೆ, ಗೊತ್ತೇನ್ರಿ ನಿಮಗೆ? ಹೆಚ್ಚುಕಡಿಮೆ ಆದ್ರೆ ನಾನು ಒಳಗೆ ಹೋಗ್ತೀನಿ.”

“ನಾನು ದುಡ್ಡು ಒಯ್ಯಾಕೆ ಬಂದಿಲ್ಲ ಸಾರ್, ತರಾಕೆ ಬಂದೀನಿ” ಎಂದ ಜುಂಜಪ್ಪ.

“ತರೋದೇ ಡೇಂಜರ್ರು” ಎಂದರು ಸಾಹೇಬರು. ದುರ್ಗದ ಪ್ರಾದೇಶಿಕ ಕಚೇರಿಗೆ ಬರೆಯುತ್ತೇವೆ, ಉತ್ತರ ಬರುವವರೆಗೆ ಏನೂ ಮಾಡಲು ಬರುವುದಿಲ್ಲ ಎಂದರು. ಹನ್ನೆರಡು ಪ್ರಶ್ನೆಗಳ ಒಂದು ಪತ್ರ ನನ್ನಿಂದಲೇ ಟೈಪು ಮಾಡಿಸಿದರು. ಅರ್ಜಿದಾರನು ವಿದೇಶಿ ಗೂಢಚಾರನಲ್ಲವೆಂದು ಶಾಖೆಯು ಹೇಗೆ ಖಚಿತಪಡಿಸಿಕೊಳ್ಳತಕ್ಕದ್ದು ಎಂಬುದು ಒಂಬತ್ತನೇ ಪ್ರಶ್ನೆ. ಜವನಗೊಂಡನಹಳ್ಳಿ ಕಡೆಯ ಹಟ್ಟಿಯಲ್ಲಿ ಕೂತು ಯಾವ ದೇಶದವನು ಏನು ಗೂಢಚಾರಿಕೆ ಮಾಡುತ್ತಾನೆ ಎಂದು ನಾನು ಕೇಳಲಿಲ್ಲ. ಕೇಳುವವನೂ ಅಲ್ಲ. ಪೋಸ್ಟು ಮಾಡಿ ಬಂದೆ.

ಅಂದಿನಿಂದ ಅವರು ಪ್ರತಿ ಸೋಮವಾರ ಬಂದರು. ಬೆಳಿಗ್ಗೆಯ ಬಸ್ಸಿಗೆ ಇಳಿದು ಜಗುಲಿಯ ಮೇಲೆ ಕುಳಿತುಕೊಳ್ಳುತ್ತಿದ್ದರು. ಗಾಳಿಗೆ ಜುಂಜಪ್ಪನ ಹ್ಯಾಟು ಹಾರದಂತೆ ಕ್ಯಾತಮ್ಮ ಸೆರಗಿನ ಚೂರೊಂದರಿಂದ ಗದ್ದಕ್ಕೆ ಕಟ್ಟಿದ್ದಳು. ಮಧ್ಯಾಹ್ನ ಇಬ್ಬರೂ ರಾಗಿಮುದ್ದೆ ಮುರಿದು ತಿನ್ನುತ್ತಿದ್ದರು. ನಮ್ಮ ಕ್ಯಾಷಿಯರು ಅವರನ್ನು “ಲಾರ್ಡ್ ಅಂಡ್ ಲೇಡಿ” ಎಂದು ಕರೆಯುತ್ತಿದ್ದ. ನಾನು ನಗುತ್ತಿದ್ದೆ. ಅವನು ಅಂಥ ಹಾಸ್ಯಗಾರನೇನೂ ಅಲ್ಲ, ನಗದಿದ್ದರೆ ಸಂಜೆ ಇಸ್ಪೀಟಿಗೆ ಕರೆಯುವುದಿಲ್ಲವಲ್ಲ, ಅದಕ್ಕೆ.

ಒಂದು ದಿನ ಸಾಹೇಬರು ಹೊರಗೆ ಬಂದವರು ಸಿಡುಕಿದರು. “ಇವರು ಇವರೇ ಅಂತ ನನಗೆ ಹೆಂಗಮ್ಮ ಗೊತ್ತಾಗ್ಬೇಕು? ಐವತ್ತು ವರ್ಷ ಆಗೈತೆ. ನಿನಗೇ ಹೆಂಗೆ ಗೊತ್ತು?”

“ಅಯ್ ಸ್ವಾಮಿ” ಎಂದಳು ಕ್ಯಾತಮ್ಮ. “ನಮ್ ಮಂದ್ಯಾಗಿಂದ ತಪ್ಪಿಸ್ಕಂಡ ಕುರಿ ಮೂರ್ ವರ್ಸದ ಮ್ಯಾಲೆ ಆದಿವಾಲದ ಸಂತ್ಯಾಗೆ ಸಿಕ್ರೂ ಕಿವಿ ನೋಡಿ ಹೇಳ್ತೀವಿ, ಇದು ಯಾರ ಮನೇದು ಅಂತ. ನಾನು ಎತ್ತಿ ಆಡ್ಸಿದ ಕೂಸು ನಂಗೆ ಗೊತ್ತಾಗಕಿಲ್ವಾ?”

ಅವರ ಹಟ್ಟಿಯಲ್ಲಿ ಪ್ರತಿ ಮನೆಯ ಕುರಿಗೂ ಕಿವಿಯಲ್ಲಿ ಬೇರೆ ಬೇರೆ ಕೊಯ್ತದ ಗುರುತು. ಕುರಿಯ ವಿಚಾರದಲ್ಲಿ ತಕರಾರು ಬಂದರೆ ಒಬ್ಬನ ಮಾತು ನಡೆಯುವುದಿಲ್ಲವಂತೆ, ಮನೆಗೊಬ್ಬರಂತೆ ಇಡೀ ಹಟ್ಟಿ ಕೂತು ಕಿವಿ ಮುಟ್ಟಿ ಹೇಳಬೇಕಂತೆ. ಇದನ್ನೆಲ್ಲ ಜುಂಜಪ್ಪ ನನಗೆ ವಿವರಿಸಿ ಹೇಳಿದ. ನಾನು ಆಕಳಿಸುತ್ತ ಕೇಳಿದೆ.

ನಲವತ್ತು ದಿನದ ಮೇಲೆ ದುರ್ಗದಿಂದ ಉತ್ತರ ಬಂತು. ಹನ್ನೆರಡು ಪ್ರಶ್ನೆಗೆ ಒಂದೇ ಸಾಲು: ‘ನಿಯಮಾನುಸಾರ ಸೂಕ್ತ ಕ್ರಮ ಕೈಗೊಳ್ಳುವುದು.’ ಬರೆದವನು ಸಾಹೇಬರ ದೊಡ್ಡಣ್ಣನೇ ಇರಬೇಕು. ಸಾಹೇಬರು ಅದನ್ನು ಮೂರು ಸಲ ಓದಿ, ಒಂದು ಕಲ್ಲಿನ ಕೆಳಗಿಟ್ಟು, ನಿಯಮದ ಪುಸ್ತಕ ತರಿಸಿದರು. ಎಲ್ಲ ಖಾತೆಗೂ ಇರುವ ನಿಯಮವೇ ಅದರಲ್ಲಿತ್ತು. ಹೊಸಬನು ಖಾತೆ ತೆರೆಯಬೇಕಾದರೆ ಆ ಶಾಖೆಯಲ್ಲಿ ಈಗಾಗಲೇ ಖಾತೆಯಿರುವ ಒಬ್ಬರು, ಈತನನ್ನು ನಾನು ಬಲ್ಲೆ ಎಂದು ಫಾರಂ ಮೇಲೆ ಸಹಿ ಹಾಕಬೇಕು.

“ಪರಿಚಯದವರ ಸಹಿ ತರ್ರಿ, ನೋಡಾಣ” ಎಂದರು ಸಾಹೇಬರು.

ಕ್ಯಾತಮ್ಮನ ಮುಖ ಅರಳಿತು. ಉಣ್ಣೆ ಮಂಡಿಯ ಪಂಪಣ್ಣನದು ನಮ್ಮಲ್ಲಿ ದೊಡ್ಡ ಖಾತೆ. ಆ ಹಟ್ಟಿಯ ಉಣ್ಣೆಯನ್ನು ಅವನ ಅಪ್ಪನ ಕಾಲದಿಂದ ಅವರೇ ಕೊಳ್ಳುತ್ತಿದ್ದರು. ಜುಂಜಪ್ಪನೂ ಅವನೂ ಚಿಕ್ಕಂದಿನಲ್ಲಿ ಹೊಳೆಯಲ್ಲಿ ಒಟ್ಟಿಗೆ ಈಜಿದವರು. ಫಾರಂ ಹಿಡಿದು ನಾನೂ ಅವರ ಜೊತೆ ಮಂಡಿಗೆ ಹೋದೆ. ಪಂಪಣ್ಣ ಜುಂಜಪ್ಪನನ್ನು ತಬ್ಬಿಕೊಂಡ, ಕಾಫಿ ತರಿಸಿದ, ಹೊಳೆಯ ಮಡುವಿನ ಕಥೆ ಹೇಳಿ ಕಣ್ಣೊರೆಸಿಕೊಂಡ. ಫಾರಂ ನೋಡಿದ ಮೇಲೆ ಕಣ್ಣು ಒಣಗಿತು.

“ಜುಂಜನ್ನ ನಾನು ಬಲ್ಲೆ ಕಣವ್ವ. ಇವರಪ್ಪನ್ನೂ ಬಲ್ಲೆ. ಆದ್ರೆ ಕಾಲ ಸರಿ ಇಲ್ಲ. ನಾಳೆ ಫಾರಿನ್ ದುಡ್ಡು ಅಂತ ಯಾರಾರ ಬಂದು ನನ್ ಗಲ್ಲಾಪೆಟ್ಟಿಗೆ ತೆಗ್ಸಿದ್ರೆ?”

ಅವನ ಗಲ್ಲಾಪೆಟ್ಟಿಗೆಯಲ್ಲಿ ಏನಿತ್ತೆಂದು ಊರಿಗೆಲ್ಲ ಗೊತ್ತಿತ್ತು. ಕಾಫಿಯ ಲೋಟ ಅರ್ಧಕ್ಕೆ ಬಿಟ್ಟು ಜುಂಜಪ್ಪ ಎದ್ದ. “ಹೋಗಾಣ ಬಾ ಅಕ್ಕ” ಎಂದ. ಇನ್ನೂ ಇಬ್ಬರು ವರ್ತಕರನ್ನು ಕೇಳಿದರು. ಒಬ್ಬ ಹೆಂಡತಿಯನ್ನು ಕೇಳಬೇಕು ಎಂದ. ಇನ್ನೊಬ್ಬ ಅಂಗಡಿಯ ಹಿಂಬಾಗಿಲಿನಿಂದ ಹೊರಟುಹೋದ.

ಮಹಾನವಮಿ ಕಳೆದ ಮೇಲೆ ಒಂದು ಸೋಮವಾರ ಬಾಗಿಲು ತೆರೆಯುವ ಹೊತ್ತಿಗೆ ಜಗುಲಿಯ ತುಂಬ ಕಂಬಳಿ. ಇಡೀ ಹಟ್ಟಿಯೇ ಬಂದಿತ್ತು, ಮನೆಗೊಬ್ಬರಂತೆ ಮೂವತ್ತೊಂದು ಜನ. ಕ್ಯಾತಮ್ಮ ಮುಂದೆ ನಿಂತು ಹೇಳಿದಳು: “ಖಾತೆ ಇರೋರು ಹೇಳ್ಬೇಕು ಅಂದ್ರಲ್ಲ. ನಮ್ಗೆಲ್ಲ ಖಾತೆ ಮಾಡ್ರಿ.”

ಒಬ್ಬೊಬ್ಬರ ಸೊಂಟದ ಎಲೆಯಡಿಕೆ ಚೀಲದಲ್ಲೂ ಐದೈದು ರೂಪಾಯಿ. ಸಾಹೇಬರಿಗೆ ಮೊದಲು ಗಾಬರಿಯಾಯಿತು, ಆಮೇಲೆ ಹೊಳೆಯಿತು. ಹಳ್ಳಿಗರಿಂದ ಉಳಿತಾಯ ಖಾತೆ ತೆರೆಸಿರಿ ಎಂದು ಮೇಲಿನಿಂದ ವಾರಕ್ಕೊಂದು ಸುತ್ತೋಲೆ ಬರುತ್ತಿತ್ತು. ಆ ತಿಂಗಳು ನಮ್ಮ ಶಾಖೆ ತೆರೆದದ್ದು ನಾಲ್ಕು ಖಾತೆ. ಕಾಲು ಗಂಟೆಯಲ್ಲಿ ಸಾಹೇಬರು ತಲೆ ಬಾಚಿಕೊಂಡು ಫೋಟೋ ಸ್ಟುಡಿಯೋದವನನ್ನು ಕರೆಸಿದರು. “ಬರ್ರಿ, ಬರ್ರಿ, ಒಳಗೆ ಕುಂತ್ಕಳ್ರಿ” ಎಂದು ಜನ್ಮದಲ್ಲಿ ಮೊದಲ ಸಲ ಕಂಬಳಿಯವರಿಗೆ ಬೆಂಚು ತೋರಿಸಿದರು. ಅವರಿಗೆಲ್ಲ ಪರಿಚಯದ ಸಹಿ ಯಾರದು? ಸಾಹೇಬರದೇ. ನೀಲಿ ಪೆನ್ನು ತೆಗೆದು ಮೂವತ್ತೊಂದು ಫಾರಂ ಮೇಲೂ ತಾವೇ ಹಾಕಿದರು. ಆ ಮೂವತ್ತೊಂದು ಜನರಲ್ಲಿ ಕ್ಯಾತಮ್ಮನನ್ನು ಬಿಟ್ಟರೆ ಒಬ್ಬರ ಮುಖವನ್ನೂ ಅವರು ಅದಕ್ಕೆ ಮೊದಲು ನೋಡಿರಲಿಲ್ಲ. ಮೂರು ತಿಂಗಳಿಂದ ಪ್ರತಿ ಸೋಮವಾರ ಎದುರಿಗೆ ಕೂರುತ್ತಿದ್ದವನು ಮಾತ್ರ ಅವರಿಗೆ ಅಪರಿಚಿತ. ನನಗೆ ಆ ಮನುಷ್ಯನ ಮೇಲೆ ಹೇಸಿಗೆ ಹುಟ್ಟಿದ್ದು ಅವತ್ತು. ಹೇಸಿಗೆ ಪಡುತ್ತಲೇ ಫಾರಂಗಳನ್ನು ಒಂದೊಂದಾಗಿ ಸಹಿಗೆ ಒಡ್ಡಿದೆ.

ಮಧ್ಯಾಹ್ನ ಎರಡರ ಹೊತ್ತಿಗೆ ಪಾಸ್‌ಬುಕ್ಕುಗಳು ಸಿದ್ಧವಾದವು. ಸಾಹೇಬರು ಊಟಕ್ಕೆ ಹೋಗಿದ್ದರು. ಹೆಬ್ಬೆಟ್ಟಿನ ಶಾಯಿ ಪ್ಯಾಡು ಇನ್ನೂ ಕೌಂಟರಿನ ಮೇಲೆಯೇ ತೆರೆದು ಕೂತಿತ್ತು. ಕ್ಯಾತಮ್ಮ ಜುಂಜಪ್ಪನ ಫಾರಂ ತೆಗೆದು ನನ್ನನ್ನು ಕೇಳಿದಳು: “ಈಗ ನಮ್ದೂ ಖಾತೆ ಐತಲ್ಲಪ್ಪ. ಎಲ್ಲಿ ಒತ್ಬೇಕು, ತೋರ್ಸು.”

ನಾನು ತೋರಿಸಿದೆ. ಅವಳು ಒತ್ತಿದಳು. ಅವಳ ಹಿಂದೆ ಒಬ್ಬ, ಅವನ ಹಿಂದೆ ಇನ್ನೊಬ್ಬ. ಒಬ್ಬೊಬ್ಬರೂ ಮೊದಲು ಜುಂಜಪ್ಪನ ಕಿವಿ ಮುಟ್ಟಿ, ಆಮೇಲೆ ಫಾರಂ ಮೇಲೆ ಹೆಬ್ಬೆಟ್ಟು ಒತ್ತಿದರು. ಒಂದು ಸಹಿಗಿಂತ ಹಟ್ಟಿಯೆಲ್ಲ ಹೇಳುವುದು ದೊಡ್ಡದು ಎಂದೇ ಅವರೆಲ್ಲರ ನಂಬಿಕೆ. ಒಂದೇ ಸಾಕು ಎಂದು ನಾನು ಹೇಳಬಹುದಾಗಿತ್ತು. ತಮಾಷೆ ಎನ್ನಿಸಿ ಸುಮ್ಮನೆ ನೋಡಿದೆ. ಕ್ಯಾಷಿಯರನಿಗೆ ಕಣ್ಣು ಹೊಡೆದೆ ಕೂಡ. ಫಾರಂನ ಅಂಚು, ಮೇಲುಗಡೆ, ಬೆನ್ನು, ಎಲ್ಲ ನೇರಳೆ ಬಣ್ಣದ ಹೆಬ್ಬೆಟ್ಟು. ಜುಂಜಪ್ಪ ಮಾತ್ರ ಹ್ಯಾಟು ತೆಗೆದು, ಕುರಿಯ ಹಾಗೆ ತಲೆ ಬಗ್ಗಿಸಿ, ಮೂವತ್ತೊಂದು ಸಲ ಕಿವಿ ಕೊಟ್ಟು ನಿಂತಿದ್ದ. ಅವನ ಕಣ್ಣು ತುಂಬಿದ್ದವು.

ಊಟ ಮುಗಿಸಿ ಬಂದ ಸಾಹೇಬರು ಫಾರಂ ನೋಡಿ ಕಿರುಚಿದರು.

“ಇದೇನ್ರೀ ಇದು! ಸರ್ಕಾರಿ ಕಾಗದಾನ ಹಿಂಗೆ ಹಾಳು ಮಾಡೋದಾ? ಹೆಬ್ಬೆಟ್ಟಿನವರು ಪರಿಚಯ ಮಾಡಿಸಂಗಿಲ್ಲ. ಸಹಿ ಬೇಕು, ಸಹಿ!”

ಸಂಜೆಯ ಬಸ್ಸಿಗೆ ಹಟ್ಟಿ ವಾಪಸು ಹೋಯಿತು. ಹದಿನೈದು ದಿನದಲ್ಲಿ ದುರ್ಗದಿಂದ ಸಾಹೇಬರಿಗೆ ಮೆಚ್ಚುಗೆ ಪತ್ರ ಬಂತು. ಫೋಟೋಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಅದರಲ್ಲಿ ಕ್ಯಾತಮ್ಮನ ಪಕ್ಕ ಸಾಹೇಬರು ಎದೆಯುಬ್ಬಿಸಿ ಕೂತಿದ್ದರು. ಜುಂಜಪ್ಪನನ್ನು ಫೋಟೋದಿಂದ ಆಚೆ ನಿಲ್ಲಿಸಿದ್ದರು, ವಿದೇಶಿ ಎಂದು.

ಹಟ್ಟಿ ಬಂದುಹೋದ ಮುಂದಿನ ಸೋಮವಾರವೇ ಕ್ಯಾತಮ್ಮ ಒಬ್ಬಳೇ ಕೌಂಟರಿಗೆ ಬಂದು ಗುಟ್ಟಿನಲ್ಲಿ ಕೇಳಿದಳು: “ನನ್ ಹೆಸ್ರು ಬರ್ಕೊಡಪ್ಪ. ನಾನು ಕಲ್ತ್ಕಂತೀನಿ.”

ಎಪ್ಪತ್ತೆರಡು ವರ್ಷದ ಹೆಂಗಸು. ಹಣ ತೆಗೆಯುವ ಚೀಟಿಯ ಬೆನ್ನಿಗೆ ‘ಕ್ಯಾತಮ್ಮ’ ಎಂದು ದೊಡ್ಡದಾಗಿ ಬರೆದುಕೊಟ್ಟೆ. ಆ ವರ್ಷ ನಾನು ಮಾಡಿದ ಒಂದೇ ಒಂದು ಉಪಕಾರ ಅದು, ಅದಕ್ಕೂ ಬ್ಯಾಂಕಿನದೇ ಕಾಗದ. ಹಟ್ಟಿಯ ಹಿಂದಿನ ಬಂಡೆಯ ಮೇಲೆ ಜುಂಜಪ್ಪ ಸುಣ್ಣದ ಕಲ್ಲಿನಿಂದ ಬರೆದು ತಿದ್ದಿಸಿದನಂತೆ. ಕುರಿ ಮೇಯುವಾಗ ಕೋಲಿನಿಂದ ಮಣ್ಣಿನ ಮೇಲೆ ಬರೆಯುತ್ತಿದ್ದಳಂತೆ. ಪ್ರತಿ ಸೋಮವಾರ ಬಂದು ಒಂದು ಚೀಟಿ ಕೇಳಿ ಬರೆದು ತೋರಿಸುತ್ತಿದ್ದಳು. ಮೊದಮೊದಲು ಅಕ್ಷರಗಳು ಒಂದರ ಮೇಲೊಂದು ಬಿದ್ದಿರುತ್ತಿದ್ದವು. “ಈ ಕೆಳಗಿನ ಬಾಲ ಮರ್ತೇ ಹೋತೈತೆ ಕಣಪ್ಪ, ಮುದುಕಿ ತಲೆ” ಎಂದು ಒತ್ತಕ್ಷರ ತೋರಿಸಿ ನಗುತ್ತಿದ್ದಳು. ಕಾರ್ತಿಕ ಕಳೆಯಿತು. ಗಾಳಿ ನಿಂತು ಚಳಿ ಬಂತು. ಡಿಸೆಂಬರಿನ ಎರಡನೇ ವಾರ ನನ್ನ ಮುಂದೆ ಇಡೀ ಹೆಸರನ್ನು ಒಂದೂ ತಪ್ಪಿಲ್ಲದೆ ಬರೆದಳು. ನನಗೆ ನಾಚಿಕೆಯಾಯಿತು ಎಂದು ಈಗ ಬರೆಯಬಹುದು. ಆಗ ಆಗಿರಲಿಲ್ಲ. ಮುದುಕಿ ಗಟ್ಟಿಗಿತ್ತಿ ಎಂದುಕೊಂಡೆ, ಅಷ್ಟೇ.

ಹೊಸ ಫಾರಂ ತುಂಬಿಸಿ ಮೂವರೂ ಸಾಹೇಬರ ಕೋಣೆಗೆ ಹೋದೆವು. ಕ್ಯಾತಮ್ಮ ಅವರ ಮೇಜಿನ ಮೇಲೆಯೇ ಬಗ್ಗಿ, ಎಡಗೈಯಿಂದ ಕಾಗದ ಒತ್ತಿಹಿಡಿದು ಸಹಿ ಹಾಕಿದಳು. ಚಳಿಯಲ್ಲೂ ಹಣೆಯ ಮೇಲೆ ಬೆವರು. ಸಾಹೇಬರು ಸಹಿಯನ್ನು ಬೆಳಕಿಗೆ ಹಿಡಿದು ನೋಡಿದರು, ಅವಳ ಪಾಸ್‌ಬುಕ್ಕು ಕೇಳಿದರು, ಅದರ ತಾರೀಖು ನೋಡಿದರು. ಅವರ ಮುಖದಲ್ಲಿ ಒಂದು ನೆಮ್ಮದಿ ಹರಡಿದ್ದನ್ನು ನಾನು ಕಣ್ಣಾರೆ ಕಂಡೆ.

“ಖಾತೆ ಆಗಿ ಎರಡು ತಿಂಗಳು ಆಗೈತೆ. ಆರು ತಿಂಗಳು ಹಳೇದು ಇರ್ಬೇಕು. ಆರು ತಿಂಗಳು ಬಿಟ್ಟು ಬರ್ರಿ.”

“ವರ್ಸ ಮುಗಿಯಾಕೆ ಇನ್ನು ಇಪ್ಪತ್ತು ದಿನ ಐತೆ ಸಾರ್” ಎಂದ ಜುಂಜಪ್ಪ. ಅವನ ದನಿ ಏರಲಿಲ್ಲ. “ನಾನು ಹೋದ್ರೆ ತಿರ್ಗಿ ಬರಾಕೆ ಆಗಲ್ಲ. ಇರೋದೆಲ್ಲ ಒಂದ್ಸಲ ಬರಾಕೇ ಆತು.”

“ರೂಲ್ಸು ನಾನು ಮಾಡಿದ್ದಲ್ರಿ” ಎಂದು ಸಾಹೇಬರು ಹಸಿರು ಪೆನ್ನಿನ ಟೋಪಿ ತೆಗೆದರು.

ನಾನು ಅವರನ್ನು ಜಗುಲಿಯವರೆಗೆ ಬಿಡಲು ಬಂದೆ. ಜುಂಜಪ್ಪ ಮೆಟ್ಟಿಲಿಳಿದು ಬಸ್ಸು ಬಂತೇನೋ ಎಂದು ರಸ್ತೆ ನೋಡುತ್ತಿದ್ದ. ಕ್ಯಾತಮ್ಮ ಹಿಂದೆ ತಿರುಗಿದಳು. ಅಷ್ಟು ದಿನದಲ್ಲಿ ಒಮ್ಮೆಯೂ ಅವಳಿಗೆ ಹೊಳೆಯದಿದ್ದ ಮಾತು ಅವತ್ತು ಹೊಳೆದಿತ್ತು.

“ಏನಪ್ಪ, ನಿಂದೂ ಐತಾ ಇಲ್ಲಿ ಖಾತೆ?”

ಇತ್ತು. ನಮ್ಮ ಸಂಬಳವೆಲ್ಲ ಖಾತೆಗೇ ಬೀಳುತ್ತಿತ್ತು. ನನ್ನದು ಮೂರು ವರ್ಷದ್ದು. ನೌಕರರು ಪರಿಚಯದ ಸಹಿ ಹಾಕಬಾರದು ಎಂಬ ನಿಯಮ ಯಾವ ಪುಸ್ತಕದಲ್ಲೂ ಇರಲಿಲ್ಲ. ಸಾಹೇಬರು ಕಣ್ಸನ್ನೆ ಮಾಡಿದಾಗ ಸಾರಾಯಿ ಗುತ್ತಿಗೆದಾರನ ಭಾವಮೈದುನನಿಗೆ ನಾನೇ ಹಾಕಿದ್ದೆ, ಅವನ ಪೂರ್ತಿ ಹೆಸರೂ ಗೊತ್ತಿಲ್ಲದೆ. ಆಷಾಢದ ಆ ಮೊದಲ ಸೋಮವಾರದಿಂದ ಯಾವತ್ತು ನಾನು ಪೆನ್ನು ತೆಗೆದಿದ್ದರೂ ಸಾಕಾಗಿತ್ತು. ಆದರೆ ಹೊಳಲ್ಕೆರೆಗೆ ವರ್ಗ ಕೇಳಿ ನಾನು ಕೊಟ್ಟ ಅರ್ಜಿ ಸಾಹೇಬರ ಮೇಜಿನ ಮೇಲೆ ಕಲ್ಲಿನ ಕೆಳಗಿತ್ತು. “ನೀವು ಇದ್ರಾಗೆ ತಲೆ ಹಾಕಬೇಡ್ರಿ. ಶ್ರೀರಾಂಪುರದ ಮೂಲೆಗೂ ಒಬ್ಬ ಗುಮಾಸ್ತ ಬೇಕಂತೆ” ಎಂದು ಅವರು ಒಂದೇ ಒಂದು ಸಲ ಹೇಳಿದ್ದರು. ಎರಡನೇ ಸಲ ಹೇಳುವ ಅಗತ್ಯ ಬಿದ್ದಿರಲಿಲ್ಲ.

“ಇಲ್ಲಮ್ಮ” ಎಂದೆ. “ನನಗೆ ಖಾತೆ ಇಲ್ಲ.”

ಅವಳು ನನ್ನ ಮುಖವನ್ನೇ ನೋಡಿದಳು. ಅನುಮಾನದಿಂದಲ್ಲ, ಕನಿಕರದಿಂದ.

“ಅಯ್ಯೋ ಕೂಸೇ! ದಿನಾ ಊರ ಮಂದಿಗೆಲ್ಲ ಪುಸ್ತಕ ಬರ್ಕೊಡ್ತೀಯ, ನಿಂಗೇ ಇಲ್ವಾ? ಯಾರೂ ಸೈನು ಹಾಕ್ಲಿಲ್ವಾ ನಿಂಗೆ?” ನನ್ನ ಕೈ ಹಿಡಿದುಕೊಂಡಳು. “ಆರ್ ತಿಂಗ್ಳು ಆಗ್ಲಿ ತಡಿ. ನಾನು ಹಾಕ್ತೀನಿ.”

ಕೆಳಗೆ ನಿಂತಿದ್ದ ಜುಂಜಪ್ಪ ಇದನ್ನೆಲ್ಲ ಕೇಳಿದ. ಲೋಕ ಸುತ್ತಿದವನು, ಬ್ಯಾಂಕಿನ ಗುಮಾಸ್ತನಿಗೆ ಖಾತೆ ಇರುತ್ತದೆಂದು ಗೊತ್ತಿಲ್ಲದವನಲ್ಲ. ನನ್ನನ್ನು ಒಂದು ಗಳಿಗೆ ನೋಡಿದ. “ಬಸ್ ಬಂತು, ಬಾ ಅಕ್ಕ” ಎಂದು ಮಾತ್ರ ಅಂದ.

ಜನವರಿಯಲ್ಲಿ ಅವನು ಹೊರಟುಹೋದ. ಹಟ್ಟಿಯವರು ಕುರಿ ಮಾರಿ ಟಿಕೆಟ್ಟಿಗೆ ಹಣ ಕೂಡಿಸಿದರೆಂದು ಪಂಪಣ್ಣ ಹೇಳಿದ. ಆ ಕುರಿಗಳನ್ನು ತನ್ನ ಕಡೆಯವರಿಗೇ ಅಗ್ಗಕ್ಕೆ ಕೊಡಿಸಿದ್ದನ್ನೂ ಅವನೇ ಹೆಮ್ಮೆಯಿಂದ ಹೇಳಿಕೊಂಡ. ನಮ್ಮ ಜಗುಲಿ ಸೋಮವಾರಗಳಲ್ಲಿ ಖಾಲಿಯಾಯಿತು. ಕ್ಯಾಷಿಯರು ಬೇರೆ ಯಾರಿಗೋ ಹೆಸರಿಡಲು ಶುರುಮಾಡಿದ.

ಯುಗಾದಿ ಕಳೆದು ಹದಿನೈದು ದಿನಕ್ಕೆ ನನ್ನ ವರ್ಗಾವಣೆಯ ಆದೇಶ ಬಂತು, ಹೊಳಲ್ಕೆರೆಗೆ. ಆ ವಾರವೇ ಒಂದು ಬೆಳಿಗ್ಗೆ ಕ್ಯಾತಮ್ಮ ಬಂದಳು. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು. ಪಾಸ್‌ಬುಕ್ಕನ್ನು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿದ್ದಳು.

“ಆರ್ ತಿಂಗ್ಳು ಆತಪ್ಪ” ಎಂದಳು.

“ಜುಂಜಪ್ಪ?”

“ಕಾಗ್ದ ಬಂದೈತೆ. ಬರಲ್ವಂತೆ. ದುಡ್ಡೂ ಇಲ್ವಂತೆ, ಕಾಲಾಗೆ ಸಕ್ತೀನೂ ಇಲ್ವಂತೆ. ಅಲ್ಲೇ ಮುದುಕ್ರು ಇರೋ ಮನೇಗೆ ಸೇರ್ಸವ್ರಂತೆ.” ಆಮೇಲೆ ಪಾಸ್‌ಬುಕ್ಕು ಬಿಚ್ಚಿ ಕೌಂಟರಿನ ಮೇಲಿಟ್ಟಳು. “ಅವ್ನಿಗಂತೂ ಆಗ್ಲಿಲ್ಲ. ಕಲ್ತಿದ್ದು ಯಾಕೆ ಸುಮ್ನೆ ಹೋಗ್ಬೇಕು? ನಿಂಗೆ ಮಾತು ಕೊಟ್ಟಿದ್ನಲ್ಲ. ತಗಾ, ನಿನ್ ಫಾರಂ ತಗಾ.”

ನಿಜ ಹೇಳಲು ಬಾಯಿ ಬರಲಿಲ್ಲ. ಒಂದು ಫಾರಂ ತೆಗೆದು ನನ್ನ ಹೆಸರು, ನನ್ನ ಅಪ್ಪನ ಹೆಸರು, ಹೊಳಲ್ಕೆರೆಯ ವಿಳಾಸ ಬರೆದೆ.

“ನನ್ನ ಹೆಸರು ಗೊತ್ತೇನಮ್ಮ ನಿಮಗೆ?” ಎಂದು ಕೇಳಿದೆ. ಬೇಡ ಎಂದು ಅವಳೇ ಎದ್ದುಹೋಗಲಿ ಎಂಬ ಆಸೆ ಇತ್ತೇನೋ.

“ಹೆಸ್ರು ತಗಂಡು ಏನ್ ಮಾಡ್ಲಿ? ಮನ್ಸ ಗೊತ್ತಲ್ಲ” ಎಂದಳು.

ಬಗ್ಗಿ, ಎಡಗೈಯಿಂದ ಕಾಗದ ಒತ್ತಿಹಿಡಿದು, ಒಂದೊಂದೇ ಅಕ್ಷರ ಬರೆದಳು. ಬಾಲ ಮರೆಯಲಿಲ್ಲ. ಬರೆದು ಮುಗಿಸಿ ಶಾಯಿ ಒಣಗಲೆಂದು ಊದಿದಳು. ನಂತರ ಕೌಂಟರಿನ ಕಿಂಡಿಯಿಂದ ಕೈ ತೂರಿಸಿ ನನ್ನ ಕಿವಿ ಮುಟ್ಟಿದಳು.

“ಇನ್ನು ಯಾರಾರ ಕೇಳಿದ್ರೆ ಹೇಳು, ನಮ್ಮವ್ನು ಅಂತ.”

ಅವಳು ಜಗುಲಿ ಇಳಿದು ಬಸ್ಸಿನ ಕಡೆ ಹೋಗುವವರೆಗೂ ಆ ಫಾರಂ ಹಿಡಿದುಕೊಂಡು ಕೂತಿದ್ದೆ. ಆಮೇಲೆ ಒಳಕೋಣೆಯಲ್ಲಿ ಕುರ್ಚಿ ಸರಿದ ಸದ್ದು ಕೇಳಿತು. ಸಾಹೇಬರು ಬಂದು ಇದೇನೆಂದು ಕೇಳಿದರೆ ಏನು ಹೇಳುವುದು ಎಂದು ಹೆದರಿ, ಅದನ್ನು ನಾಲ್ಕು ಚೂರು ಮಾಡಿ ಕಸದ ಬುಟ್ಟಿಗೆ ಹಾಕಿದೆ.